ವೀರಭದ್ರಪ್ಪ ಮೇಷ್ಟ್ರ ಕಳ್ಳನಿದ್ದೆ

ಪರೀಕ್ಷೆಯ ಕೋಣೆಯಲ್ಲಿ ವೀರಭದ್ರಪ್ಪ ಮೇಷ್ಟ್ರು ಕೂತರೆ ಕುರ್ಚಿ ಕಿರ್ರೆಂದು ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೇ ಗೊರಕೆ ಶುರು. ಆಮೇಲೆ ಅದೂ ಗಪ್ಪನೆ ನಿಲ್ಲುತ್ತಿತ್ತು. ಗಾಢ ನಿದ್ದೆ ಹತ್ತಿತೆಂದು ನಾವು ಚೀಟಿ ಬಿಚ್ಚಬೇಕು, ಅಷ್ಟರಲ್ಲಿ 'ಹ್ಹಾ!' ಎಂದು ಉಸಿರೆಳೆದು ಕಣ್ಣು ಬಿಡುತ್ತಿದ್ದರು. ನನ್ನ ಗೆಳೆಯ ಚಂದ್ರು ಸಿಕ್ಕಿಬಿದ್ದದ್ದು ಹೀಗೆಯೇ.

"ಮಲಗೀನಿ ಅಂದ್ಕಂಡ್ಯೇನಲೇ? ಕಳ್ಳನಿದ್ದೆ ಅದು!" ಎಂದು ಮೀಸೆ ತಿರುವುತ್ತಿದ್ದರು. ಹರಿಹರದ ನಮ್ಮ ಹೈಸ್ಕೂಲಿನಲ್ಲಿ ಅವರ ಕೀರ್ತಿಯೆಲ್ಲ ಆ ನಿದ್ದೆಯ ಮೇಲೆಯೇ ನಿಂತಿತ್ತು.

ನಿವೃತ್ತರಾದ ಮೇಲೆ ಮೇಷ್ಟ್ರು ಇನ್ನಷ್ಟು ದಪ್ಪಗಾದರು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ರಕ್ತ ತೆಗೆಯುವ ಲ್ಯಾಬಿಗೆ ಹೆಂಡತಿಯ ಜೊತೆ ಬಂದರು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆ ಬರೆದಿದ್ದರು. ಫಲಿತಾಂಶ ಜಾಸ್ತಿ ಬಂದಿತ್ತು.

"ಜಾಸ್ತಿ ಬಂದ್ರೆ ಫಸ್ಟ್ ಕ್ಲಾಸ್ ಅಲ್ಲೇನಲೇ?" ಎಂದರು ಮೇಷ್ಟ್ರು.

ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿಲ್ಲ, ಮೈಯೊಳಗೆ ಸದಾ ಸಣ್ಣ ಉರಿಯೂತ ನಡೆಸುತ್ತಿದೆ, ರಕ್ತದಲ್ಲಿ ಕಂಡದ್ದು ಅದರ ಗುರುತು ಎಂದು ಡಾಕ್ಟರು ತಿಳಿಸಿದರು. ರಿಪೋರ್ಟು ಹಿಡಿದು ಜೊತೆಗೆ ಹೋಗಿದ್ದ ನನಗೆ ಬಾಯಿ ಸುಮ್ಮನಿರಬೇಕಲ್ಲ, ಕಳ್ಳನಿದ್ದೆಯ ಕಥೆ ಹೇಳಿಬಿಟ್ಟೆ. ಡಾಕ್ಟರು ನಗಲಿಲ್ಲ. ನಿದ್ದೆಯ ಪರೀಕ್ಷೆಯನ್ನೂ ಮಾಡಿಸಿ, ಅದರ ಫಲಿತಾಂಶ ನೋಡಿ ಹೇಳಿದರು: "ಸರ್, ನೀವು ಬೇಕಂತ ಯಾರನ್ನೂ ಹಿಡೀತಿರಲಿಲ್ಲ. ನಿದ್ದೇಲಿ ಉಸಿರು ನಿಂತು, ಒದ್ದಾಡಿ ಏಳ್ತಿದ್ರಿ. ತೂಕ ಇಳಿಸ್ರಿ, ಮಲಗುವಾಗ ಮುಖಕ್ಕೆ ಗಾಳಿ ಒತ್ತೋ ಮಷಿನ್ ಹಾಕ್ಕೊಳ್ರಿ. ಇಲ್ದಿದ್ರೆ ಜೀವಕ್ಕೇ ಅಪಾಯ."

"ಮಷಿನ್ ಬ್ಯಾಡ," ಎಂದರು ಮೇಷ್ಟ್ರು. ಹಾಕಿಕೊಂಡರೆ ಇಷ್ಟು ವರ್ಷದ ಉಪಾಯ ಬರೀ ಕಾಯಿಲೆಯೆಂದು ಒಪ್ಪಿದಂತಾಗುತ್ತಿತ್ತು.

ಮುಂದಿನ ರಕ್ತಪರೀಕ್ಷೆಗೆ ಹಿಂದಿನ ದಿನ ಬರೀ ಸೌತೆಕಾಯಿ ತಿಂದು ಬಂದರು. ಅಂಕಿ ಜಗ್ಗಲಿಲ್ಲ. "ರೀವ್ಯಾಲ್ಯುಯೇಷನ್‌ಗೆ ಹಾಕಲೇ!" ಎಂದು ನನ್ನ ಮೇಲೆ ರೇಗಿದರು.

ಅವರ ಹೆಂಡತಿ ಗಿರಿಜಮ್ಮನಿಗೆ ತಡೆಯಲಾಗಲಿಲ್ಲ. "ವರ್ಷೆಲ್ಲ ಓದದೆ ಹಿಂದಿನ ದಿನ ಪುಸ್ತಕ ಹಿಡಿದ್ರೆ ಪಾಸಾಗ್ತಾರೇನ್ರಿ? ನೀವೇ ಬೈತಿದ್ರಿ ಹುಡುಗ್ರಿಗೆ. ನಿಮ್ ಉಸಿರು ನಿಂತಾಗೆಲ್ಲ ನನ್ನ ಜೀವ ಹೋಗಿ ಬರ್ತೈತಿ." ಮೇಷ್ಟ್ರು ತಲೆ ತಗ್ಗಿಸಿದರು. ಮಷಿನ್ ಮನೆಗೆ ಬಂತು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ಊಟ ಮುಗಿದು, ಹೊಟ್ಟೆ ಹೊತ್ತ ನಮ್ಮವರೆಲ್ಲ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಗುತ್ತೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಚಂದ್ರುವಿನದು ಎಲ್ಲರಿಗಿಂತ ಜೋರು. ಮೇಷ್ಟ್ರು ಮೈಕಿನಲ್ಲಿ ಗದರಿ ಎಬ್ಬಿಸಿದರು.

"ಕಳ್ಳನಿದ್ದೆ ಅಂದಿದ್ದೆಲ್ಲ ಸುಳ್ಳು ಕಣ್ರಲೇ. ನನ್ನ ಉಸಿರು ನಿಲ್ತಿತ್ತು. ನಿಮಗೂ ಅದೇ ಐತೆ, ರಕ್ತದ್ದು, ನಿದ್ದೇದು ಎರಡೂ ಟೆಸ್ಟ್ ಮಾಡಿಸ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಹೊಸ ತಮಾಷೆ ಎಂದು ಚಪ್ಪಾಳೆ ಬೇರೆ. ಅವರ ಮುಖ ಸಣ್ಣದಾಯಿತು.

ಆ ಮಳೆಗಾಲದಲ್ಲಿ, ವರ್ಷಗಟ್ಟಲೆ ಬಳಲಿದ್ದ ಹೃದಯ ಕೈಕೊಟ್ಟು ಮೇಷ್ಟ್ರು ತೀರಿಕೊಂಡರು. ಆಮೇಲೊಂದು ಬೆಳಿಗ್ಗೆ ಚಂದ್ರು ಲ್ಯಾಬಿಗೆ ಬಂದು ತೋಳು ಚಾಚಿದ.

"ಆ ಕೂಟ ಆದಾಗಿಂದ ಸರ್ ವಾರ ವಾರ ಫೋನ್ ಮಾಡೋರು, ಮಾಡಿಸಿದ್ಯೇನಲೇ ಅಂತ. ನಾಳೆ, ನಾಳೆ ಅಂತ ಸುಳ್ಳು ಹೇಳ್ದೆ." ಸೂಜಿಯನ್ನು ನೋಡಲಾರದೆ ಮುಖ ಆಚೆ ತಿರುಗಿಸಿದ. "ಈಗ ರಿಪೋರ್ಟು ಯಾರಿಗೆ ತೋರಿಸ್ಲೋ?"