ಹಟ್ಟಿಯಿಂದ ಬಂದ ಹೂಂ

ಕತೆ ಹೇಳುವವರ ಎದುರು ಹೂಂಗುಟ್ಟಲು ಒಬ್ಬರು ಇರಲೇಬೇಕು ಎಂಬುದು ಕೆರಾಡಿ ಕಡೆಯ ಕಟ್ಟಳೆ. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಕುಂದಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದರ ಬಗ್ಗೆ ಭಾಷಣವನ್ನೂ ಬಿಗಿದಿದ್ದೆ.

ಘಟ್ಟದ ಕತೆಗಳನ್ನು ನಮ್ಮ ಕುಂದಾಪುರದ ಮಾತಿನಲ್ಲೇ ಹೇಳುವವರು ಆ ಊರಲ್ಲಿ ಒಬ್ಬ ಅಜ್ಜಿ ಮಾತ್ರ ಉಳಿದಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಹೋದೆ. ಪಕ್ಕದಲ್ಲಿ ಅವರ ಗಂಡ, ಕಣ್ಣು ಕಾಣದ ಅಜ್ಜ, ಗೋಡೆಗೆ ಒರಗಿ ಮಾತಿಗೊಂದು ಹೂಂ ಹಾಕುತ್ತಿದ್ದರು. ಮದುವೆಯಾದಂದಿನಿಂದಲೂ ಅವರದೇ ಹೂಂ ಅಂತೆ. ಮನೆಗೆ ಬಂದು ಕೇಳಿದರೆ ಕತೆಗಿಂತ ಅದೇ ಜೋರು, ಜೊತೆಗೆ ಕೆಮ್ಮು ಬೇರೆ. ಸಿಟ್ಟು ನೆತ್ತಿಗೇರಿತು. ಎಲ್ಲವನ್ನೂ ಅಳಿಸಿ ಹಾಕಿದೆ.

ಮರುವಾರ ಹೋದವನೇ ಅಜ್ಜನ ಕೈಹಿಡಿದು ದನದ ಹಟ್ಟಿಯ ಜಗಲಿಯಲ್ಲಿ ಕೂರಿಸಿ ಬಂದೆ. ಕತೆ ಹಾಳಾಗುತ್ತದೆ, ಬಾಯಿ ಮುಚ್ಚಿಕೊಂಡಿರಿ ಎಂದೆ. ಅವರಿಗೆ ಉಳಿದಿದ್ದ ಕೆಲಸ ಹೂಂಗುಟ್ಟುವುದೊಂದೇ. ಆಯ್ತು ಎಂದರು, ಅಷ್ಟೇ.

ಅಜ್ಜಿ ಶುರುಮಾಡಿದರು. ಸೊಪ್ಪು ತರುವ ನೆಪದಲ್ಲಿ ಅತ್ತೆ ಸೊಸೆಯನ್ನು ಘಟ್ಟಕ್ಕೆ ಕರೆದೊಯ್ದು, ಹುಲಿ ಓಡಾಡುವ ಬಂಡೆಯ ಮೇಲೆ ಬಿಟ್ಟು ಬರುತ್ತಾಳೆ. ಹುಲಿ ಬಂದು, ನಿನಗಾಗಿ ಅಳುವವರು ಯಾರಾದರೂ ಇದ್ದಾರಾ ಎಂದು ಕೇಳುತ್ತದೆ. ಅಲ್ಲಿಗೆ ಅಜ್ಜಿ ನಿಲ್ಲಿಸಿ ಕಾದರು. ಹಟ್ಟಿಯಿಂದ ಸಣ್ಣಗೆ ಹೂಂ ಬಂತು. ನಾನು ಎದ್ದು ಹೋಗಿ ಮುದುಕರನ್ನು ಗದರಿದೆ. ಥೂ ನನ್ನ ಜನ್ಮಕ್ಕೆ! ತಿರುಗಿ ಬರುವಷ್ಟರಲ್ಲಿ ಅಜ್ಜಿ, ಉಳಿದದ್ದು ಇನ್ನೊಂದು ದಿನ ಎಂದು ಎದ್ದುಬಿಟ್ಟಿದ್ದರು.

ಆ ಇನ್ನೊಂದು ದಿನ ಹೋದಾಗ ಅಜ್ಜ ತೀರಿಕೊಂಡು ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ನಾಚಿಕೆಗೆಟ್ಟವನು ನಾನು, ಎರಡು ಮಾತು ಸಮಾಧಾನ ಹೇಳಿ ಫೋನು ತೆಗೆದಿಟ್ಟೆ. ನಾನೇ ಹೂಂ ಅನ್ನುತ್ತೇನೆ, ಕತೆ ಮುಗಿಸಿ ಎಂದೆ. ಅಜ್ಜಿ ಫೋನನ್ನೇ ನೋಡುತ್ತಿದ್ದರು.

"ಮಾಷ್ಟ್ರೇ, ಇವ್ರ್ ಹೂಂ ಅಂದದ್ದ್ ಈ ಫೋನೊಳ್ಗೆ ಇತ್ತಾ? ಹಾಕಿ, ಒಂದ್ಸಲ ಕೇಂತೆ."

ಮೊದಲಿನದನ್ನು ಪೂರ್ತಿ ಅಳಿಸಿದ್ದೆ. ಹಟ್ಟಿಯಿಂದ ಬಂದ ಸಣ್ಣ ಹೂಂ ಇತ್ತಲ್ಲ, ಅದನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದಾಗಿತ್ತು. ಇಲ್ಲ ಎಂದೆ. ಸುಳ್ಳು ಹೇಳಲೂ ಏನೂ ಉಳಿದಿರಲಿಲ್ಲ.

ಅವರು ಅಳಲಿಲ್ಲ, ಬೈಯಲೂ ಇಲ್ಲ.

"ಹಂಗಾರೆ ಕತಿಯೂ ಇಲ್ಲೆ," ಎಂದು ಒಳಗೆ ಹೋದರು.

ಆ ಅರ್ಧ ಕತೆ ನನ್ನ ಬಳಿ ಈಗಲೂ ಇದೆ. ಒಂದು ಕೆಮ್ಮಿಲ್ಲ, ಒಂದು ಹೂಂ ಇಲ್ಲ. ನಿನಗಾಗಿ ಅಳುವವರು ಯಾರಾದರೂ ಇದ್ದಾರಾ ಎಂದು ಹುಲಿ ಕೇಳುತ್ತದೆ. ಆಮೇಲೆ ಯಾರ ದನಿಯೂ ಇಲ್ಲ.