ಗಡ್ಡದ ಅಜ್ಜನಿಗೊಂದು ಎಲೆ

ಸತ್ತವರು ಬಂದು ಹೋಗುತ್ತಾರೆ ಎಂದರೆ ನಾನು ನಗುತ್ತಿದ್ದೆ. ಅಜ್ಜಿ ಹೇಳುವ ಅಂಥ ಕತೆಗಳನ್ನು ಕೇಳಲು ಇಷ್ಟವಿತ್ತು, ನಂಬಲು ಅಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಗಲ್ಫಿನ ಸೀಬ್‌ನ ನಮ್ಮ ಫ್ಲ್ಯಾಟಿನಲ್ಲಿ ನಡೆದದ್ದನ್ನು ನೆನೆದರೆ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಯಾಕೆಂದು ನೀವೇ ನೋಡಿ.

ಎಲ್ಲ ಶುರುವಾದದ್ದು ಘಾಲಾದ ನಮ್ಮ ಆಫೀಸಿನ ಅಮೆರಿಕನ್ ಎಂಜಿನಿಯರನಿಂದ. ಕರಾರು ಮುಗಿದು ಊರಿಗೆ ಹೊರಟವನು, ಇಲ್ಲಿ ಎಲ್ಲರೂ ಮಾಡುವಂತೆ, ಮನೆಯ ಸಾಮಾನನ್ನು ಹಂಚಿದ. ಒಬ್ಬನಿಗೆ ಫ್ರಿಜ್ ಸಿಕ್ಕಿತು, ಇನ್ನೊಬ್ಬನಿಗೆ ಸೋಫಾ. ನನಗೆ ಸಿಕ್ಕಿದ್ದು ಅವನ ಮುತ್ತಜ್ಜನ ತಂದೆ. ಹಳೇ ಫೋಟೊವನ್ನು ದೊಡ್ಡದು ಮಾಡಿ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿದ್ದು: ಕರಿ ಕೋಟು, ಎದೆಯವರೆಗೆ ಗಡ್ಡ, ಮೀಸೆ ಇಲ್ಲ, ತಡವಾಗಿ ಬಂದ ಗುಮಾಸ್ತನನ್ನು ನೋಡುವಂಥ ನೋಟ. ಮಾರ್ಮನ್ ಎಂಬ ಕ್ರೈಸ್ತ ಪಂಥದವನಂತೆ. ಎತ್ತಿನ ಗಾಡಿ ಹೊಡೆದುಕೊಂಡು ಹೋಗಿ ಅಮೆರಿಕದ ಬರಡು ನೆಲದಲ್ಲಿ ಊರು ಕಟ್ಟಿದವರಲ್ಲಿ ಒಬ್ಬನಂತೆ. ವಿಮಾನದಲ್ಲಿ ಒಯ್ಯಲಾಗದು, ಮುಂದಿನ ಸಲ ಬಂದಾಗ ಕೊಂಡೊಯ್ಯುತ್ತೇನೆ ಎಂದ. ಆ ಮುಂದಿನ ಸಲ ಇನ್ನೂ ಬಂದಿಲ್ಲ.

ಮನೆಯ ಹಾಲ್‌ನಲ್ಲಿದ್ದ ಒಂದೇ ಖಾಲಿ ಗೋಡೆ ಅವನ ಪಾಲಾಯಿತು. ಪರಿಚಯದ ಬಂಟ್ವಾಳದವರೊಬ್ಬರು ಬಂದು ಇದು ಯಾವ ಸ್ವಾಮಿಗಳೆಂದು ಕೇಳಿದರು. ಮಂಗಳೂರಿನ ಕ್ಯಾಥೊಲಿಕ್ ಗೆಳೆಯ ಯಾರೋ ಸಂತನೆಂದು ಶಿಲುಬೆಯ ಗುರುತು ಮಾಡಲು ಕೈ ಎತ್ತಿಯೇಬಿಟ್ಟ. ಮಗಳು ‘ಕೌಬಾಯ್ ಅಜ್ಜ’ ಎಂದು ಹೆಸರಿಟ್ಟಳು. ವಿವರಿಸಿ ವಿವರಿಸಿ ನನಗೆ ಸಾಕಾಯಿತು.

ಆ ವರ್ಷ ಆಟಿಗೆ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಿಗೆ, ಊರಿಂದ ಅತ್ತೆ ಬಂದರು. ಹಿಂದಿನ ವರ್ಷ ಮೊಮ್ಮಗಳನ್ನು ನೋಡಲು ಬಂದಿದ್ದಾಗ ಮಾವ ತೀರಿಕೊಂಡದ್ದು ಇದೇ ಮನೆಯಲ್ಲಿ. ಊರಿಗೆ ಒಯ್ದು ಎಲ್ಲ ಕ್ರಿಯೆ ಮುಗಿಸಿದ್ದರೂ ಅತ್ತೆಗೆ ಸಮಾಧಾನವಿಲ್ಲ. ವಿಮಾನ ಹತ್ತಿದ್ದು ದೇಹ ಮಾತ್ರ, ಮಾವ ಈ ಮರಳಿನಲ್ಲೇ ದಾರಿ ತಪ್ಪಿ ತಿರುಗುತ್ತಿದ್ದಾರೆ ಎಂದು ಅವರ ಎಣಿಕೆ. ಗಂಜಿ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಸೀರೆಯೊಳಗೆ ಮನುಷ್ಯರೇ ಇಲ್ಲವೇನೋ ಎಂಬಷ್ಟು ಸೊರಗಿದ್ದರು. ತೀರಿಕೊಂಡ ಹಿರಿಯರಿಗೆ ಆಟಿಯಲ್ಲಿ ಬಡಿಸುವುದು ನಮ್ಮಲ್ಲಿ ಉಂಟು. ಅದು ಇಲ್ಲೇ ಆಗಬೇಕು, ಅವರು ಬಂದು ಉಂಡರೆ ತಾನೂ ಉಣ್ಣುವುದು ಎಂದು ಹಟ ಹಿಡಿದರು. ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಬೈದಳು.

ಊರಲ್ಲಾದರೆ ಬಡಿಸುವುದು ಸಂಜೆಯ ಮೇಲೆ. ನಾವು ರಜೆಯ ಶುಕ್ರವಾರ ಮಧ್ಯಾಹ್ನವೇ ಬಡಿಸಿದೆವು. ಬಾಳೆಲೆ, ರೊಟ್ಟಿ, ಕೋಳಿ ಸಾರು, ಹುರಿದ ಬಂಗುಡೆ, ಮಾವನಿಗೆ ಇಷ್ಟವೆಂದು ಸ್ಟೀಲ್ ಗ್ಲಾಸಿನಲ್ಲಿ ಬ್ರಾಂಡಿ. ಆಗ ಅತ್ತೆ ಗೋಡೆಯತ್ತ ನೋಡಿ, “ಇವರಿಗೂ ಒಂದು ಎಲೆ ಹಾಕಿ,” ಎಂದರು.

“ಅತ್ತೆ, ಅದು ನಮ್ಮವರಲ್ಲ. ಅಮೆರಿಕದವ.”

“ಇರಲಿ ಮಾರಾಯ್ರೆ. ಮನೆಯೊಳಗೆ ಇರುವವರನ್ನು ನೋಡ್ತಾ ಕೂರಿಸಿ ಒಬ್ಬರಿಗೇ ಬಡಿಸ್ಲಿಕ್ಕೆ ಉಂಟಾ?”

ಖಲಾಸ್, ವಾದ ಮುಗಿಯಿತು. ಚಿತ್ರದ ಕೆಳಗೆ ಇನ್ನೊಂದು ಎಲೆ, ಇನ್ನೊಂದು ಗ್ಲಾಸು ಬ್ರಾಂಡಿ. ಬಡಿಸಿದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗಿರಬೇಕು. ಕೊನೆಗೆ ಹೊರಬಂದು ಬಾಗಿಲು ಎಳೆದವನು ನಾನೇ; ಬೀಗದಕೈ ನನ್ನ ಕಿಸೆಯಲ್ಲಿ. ಏಸಿ ಆರಿಸಿದ್ದೆ, ಕಿಟಕಿ ಮುಚ್ಚಿತ್ತು. ಕಾರಿಡಾರಿನ ಸೆಕೆಯಲ್ಲಿ ನಾವು ನಾಲ್ವರೂ ಬೆವರುತ್ತ ನಿಂತಿದ್ದಾಗ ಎದುರುಮನೆಯವರು ಇಣುಕಿ, ಬೀಗದಕೈ ಕಳೆದುಹೋಯಿತೇ ಎಂದು ಕೇಳಿದರು. ಹೌದೆಂದೆ.

ಸ್ವಲ್ಪ ಹೊತ್ತಿನ ಮೇಲೆ, ಒಳಗೆ ಉಣ್ಣುವವರಿಗೆ ನಾವು ಬರುವುದು ತಿಳಿಯಲೆಂದು ಕೆಮ್ಮಿ, ಬಾಗಿಲು ತಟ್ಟಿ ಒಳಹೋದೆವು. ಮಾವನ ಎಲೆ ಇಟ್ಟಂತೆಯೇ ಇತ್ತು, ಗ್ಲಾಸೂ. ಗಡ್ಡದವನ ಎಲೆಯೂ ಅಷ್ಟೇ. ಅವನ ಗ್ಲಾಸು ಮಾತ್ರ ನೆಲದ ಮೇಲೆ ಬೋರಲಾಗಿ ಕೂತಿತ್ತು. ಸುತ್ತ ಒಂದು ಹನಿಯಿಲ್ಲ. ಮಗಳ ಮೇಲೆ ರೇಗಿದೆ. “ಐ ವಾಸ್ ವಿತ್ ಯೂ, ಪಪ್ಪ,” ಎಂದಳು. ಹೌದಲ್ಲ. ಗ್ಲಾಸು ಎತ್ತಿದೆ. ಆಗಷ್ಟೇ ಬ್ರಾಂಡಿ ಟೈಲ್ಸಿನ ಮೇಲೆಲ್ಲ ಹರಿಯಿತು. ತುಂಬಿದ ಗ್ಲಾಸನ್ನು ಚೆಲ್ಲದೆ ಹಾಗೆ ಬೋರಲು ಹಾಕಲು ನಾನು ಆಮೇಲೆ ಬಾತ್‌ರೂಮಿನಲ್ಲಿ ನೀರು ಹಿಡಿದು ಎಷ್ಟೋ ಸಲ ನೋಡಿದ್ದೇನೆ. ಅಂಗಿ ಒದ್ದೆಯಾಗುತ್ತದೆ, ಅಷ್ಟೆ.

ಅತ್ತೆ ಹೆದರಲಿಲ್ಲ. “ಪಾಪ, ಇವರು ಕುಡಿಯುವವರಲ್ಲ,” ಎಂದರು. ಮತ್ತೆ ಮಾವನ ಎಲೆಯ ಮುಂದೆ ಮೆಲ್ಲಗೆ ಕೂತು, “ಪರದೇಶದವರಿಗೇ ದಾರಿ ಸಿಕ್ಕಿದೆ. ನಮ್ಮವರಿಗೆ ಸಿಗದೆ ಇರ್ತದಾ?” ಎನ್ನುತ್ತ ಆ ಎಲೆಯ ರೊಟ್ಟಿಯನ್ನೇ ಸಾರಿಗೆ ಅದ್ದಿ ಉಂಡರು. ಇನ್ನೂ ಸ್ವಲ್ಪ ಸಾರು ಕೇಳಿದಾಗ ಹೆಂಡತಿ ಸೌಟು ಹಿಡಿದುಕೊಂಡೇ ಅತ್ತಳು.

ಮರುದಿನ ಅಮೆರಿಕದವನಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳದೆ, ನಿನ್ನ ಹಿರಿಯ ಕುಡಿಯುತ್ತಿದ್ದನೇ ಎಂದಷ್ಟೇ ಕೇಳಿದೆ. ಮದ್ಯ, ಕಾಫಿ, ಟೀ ಯಾವುದನ್ನೂ ಮುಟ್ಟುತ್ತಿರಲಿಲ್ಲ ಎಂದ. ಯಾರಾದರೂ ಸುರಿಯಲು ಬಂದರೆ ಮಾತಾಡದೆ ಲೋಟ ಬೋರಲು ಹಾಕಿ ಕೂರುತ್ತಿದ್ದನೆಂದು ಮನೆಯವರು ಈಗಲೂ ನೆನೆದು ನಗುತ್ತಾರಂತೆ. ಯಾಕೆ ಕೇಳಿದೆ ಎಂದ. ಸುಮ್ಮನೆ ಎಂದೆ. ಚಿತ್ರ ಯಾವಾಗ ಒಯ್ಯುತ್ತೀ ಎಂದು ಕೇಳಲು ಬಾಯಿ ಬರಲಿಲ್ಲ.

ಆಮೇಲೆ ಮನೆ ಬದಲಿಸಿದಾಗಲೂ ಅವನು ನಮ್ಮ ಜೊತೆ ಬಂದ, ಅತ್ತೆಯ ಆಜ್ಞೆ. ಪ್ರತಿ ಆಟಿಗೆ ಅವನಿಗೊಂದು ಎಲೆ, ಗ್ಲಾಸಿನಲ್ಲಿ ಮಜ್ಜಿಗೆ. ಆ ಗ್ಲಾಸು ಮತ್ತೆ ಅಲುಗಿಲ್ಲ. ಮಾವನದಂತೂ ಯಾವತ್ತೂ ಅಲುಗಿದ್ದಿಲ್ಲ. ಇಷ್ಟೆಲ್ಲ ಮಾಡಿದ್ದು ಅವರಿಗಾಗಿ. ಅವರೇ ಒಂದು ಗುರುತು ಕೊಡಬಾರದಿತ್ತೇ? ಅತ್ತೆಗೆ ಈ ಪ್ರಶ್ನೆಯೇ ಇಲ್ಲ. ಅವರು ಹೊಟ್ಟೆ ತುಂಬ ಉಣ್ಣುತ್ತಾರೆ. ನಾನು ಮಾತ್ರ ಬಾಗಿಲು ತಟ್ಟುವ ಮೊದಲು ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತೇನೆ. ಯಾರಿಗೆ ಕೇಳಲೆಂದು ಎಂದರೆ, ಗೊತ್ತಿಲ್ಲ.