ಉರಿಯದ ಸಿಲೇನ್

೧೯೯೫ರ ಜನವರಿ. ನಾನು ಅಹಮದಾಬಾದಿನ ಒಂದು ಸಂಶೋಧನಾಲಯದಲ್ಲಿ ವಿಜ್ಞಾನಿ. ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸುವ ಜಾತಿಯವನು. ಇಂಥವನಿಗೆ ಸಿಕ್ಕಿದ್ದು ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುವ ಸಿಲೇನ್ ಅನಿಲದ ಸಹವಾಸ.

ಭೂಮಿಯ ಜೀವವೆಲ್ಲ ಕಾರ್ಬನ್ ಸರಪಳಿಗಳ ಮೇಲೆ ನಿಂತಿದೆ. ಬೇರೊಂದು ಲೋಕದಲ್ಲಿ ಆ ಜಾಗಕ್ಕೆ ಸಿಲಿಕಾನ್ ಬರಬಹುದೇ? ಆಮ್ಲಜನಕವಿಲ್ಲದ, ಕೊರೆಯುವ ಚಳಿಯ ಉಕ್ಕಿನ ಪಾತ್ರೆಯೊಳಗೆ, ಸಿಲಿಕಾನ್ ಮತ್ತು ಹೈಡ್ರೋಜನ್ ಸೇರಿ ಆದ ಈ ಸಿಲೇನ್ ಹರಿಸಿ, ವಿದ್ಯುತ್ ಕಿಡಿ ಹಾರಿಸಿ, ಸಿಲಿಕಾನ್ ಸರಪಳಿ ಎಷ್ಟು ಉದ್ದ ಬೆಳೆದೀತೆಂದು ನೋಡುತ್ತಿದ್ದೆವು. ಅದು ಬೆಳೆಯುವುದಕ್ಕಿಂತ ಮುರಿಯುವುದೇ ಹೆಚ್ಚು.

ಜೊತೆಗಿದ್ದವನು ಧಾರವಾಡದ ಕಟ್ಟಿ. ನನಗಿಂತ ಕಿರಿಯ, ಹೆದರಿಕೆಯ ಗಂಧವಿಲ್ಲದವನು. ಸಿಲೇನ್‌ನಷ್ಟು ಪ್ರಾಮಾಣಿಕ ಅನಿಲವಿಲ್ಲ ಎನ್ನುತ್ತಿದ್ದ. ಸೋರಿದರೆ ಜ್ವಾಲೆ ಕಾಣುತ್ತದೆ, ಉರಿದು ಬಿಳಿ ಪುಡಿ ಉದುರುತ್ತದೆ. ಆ ಪುಡಿ ಬೇರೇನಲ್ಲ, ಮರಳು. ಹಾಗಾಗಿ ಜ್ವಾಲೆಯಿಲ್ಲದಿದ್ದರೆ ಸೋರಿಕೆಯೂ ಇಲ್ಲ ಎಂಬುದು ನಮ್ಮ ಲ್ಯಾಬಿನ ರೂಢಿಯಾಗಿತ್ತು.

ಉತ್ತರಾಯಣದ ಹಿಂದಿನ ದಿನ, ಊರೆಲ್ಲ ಗಾಳಿಪಟ ಹಿಡಿದು ತಾರಸಿ ಹತ್ತಿತ್ತು. ಮಧ್ಯಾಹ್ನ ಸಿಲಿಂಡರ್ ಇಟ್ಟ ಕಬ್ಬಿಣದ ಬೀರುವಿನಿಂದ ಸುಸ್ಸೆನ್ನುವ ಸದ್ದು ಬಂತು. ಜ್ವಾಲೆ ಇರಲಿಲ್ಲ. ಆಚೆ ಹೋಗೋಣ ಬಾ ಎಂದೆ.

"ಬೆಂಕಿ ಇಲ್ಲ ಅಂದಮ್ಯಾಲ ಅದು ಪೈಪ್ ತೊಳಿಯೋ ನೈಟ್ರೋಜನ್ ಲೈನ್‌ರೀ ಸರ. ನೀವು ಫ್ಯಾನ್ ತಿರುಗಿದರೂ ಹೆದರ್ತೀರಿ," ಎಂದು ಕಟ್ಟಿ ಬೀರು ತೆರೆದು, ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ನಾನು ಅವನ ಕಾಲರ್ ಹಿಡಿದು ಎಳೆದೆ.

ಆಮೇಲೆ ತಿಳಿದದ್ದಿಷ್ಟು: ಸಣ್ಣ ಬಿರುಕಿನಿಂದ ರಭಸವಾಗಿ ನುಗ್ಗುವ ಸಿಲೇನ್ ಕೆಲವೊಮ್ಮೆ ಹೊತ್ತಿಕೊಳ್ಳದೆ ಶೇಖರವಾಗುತ್ತದೆ. ವಾಲ್ವ್ ಮುಚ್ಚುವಾಗ ರಭಸ ತಗ್ಗುತ್ತದೆ. ಆಗ ಉರಿಯುತ್ತದೆ, ಅಷ್ಟೂ ಒಟ್ಟಿಗೆ.

ಬೀರುವಿನ ಬಾಗಿಲು ಕಿತ್ತು ಬಂದು ಕಟ್ಟಿಯ ಭುಜ ಮುರಿಯಿತು. ಕಿಟಕಿಗಳು ಚೌಕಟ್ಟಿನ ಸಮೇತ ಹಾರಿದವು. ಇಬ್ಬರೂ ಕಾರಿಡಾರಿನ ಗೋಡೆಗೆ ಅಪ್ಪಳಿಸಿದೆವು. ಅವನ ಹುಬ್ಬು ಸುಟ್ಟು, ಕೆನ್ನೆಯಲ್ಲಿ ಗಾಜು ನೆಟ್ಟು, ರಕ್ತದ ಮೇಲೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತ್ತು. ಸಿಲಿಕಾನ್ ಜೀವಿ ನಮ್ಮ ಗಾಳಿ ಉಸಿರಾಡಿದರೆ ಹೊರಬಿಡುವುದು ಇದನ್ನೇ ಎಂದು ಆ ಹೊತ್ತಿನಲ್ಲೂ ನನ್ನ ತಲೆಗೆ ಹೊಳೆಯಿತು. ಕಟ್ಟಿ ಮಾತ್ರ, "ಕಣ್ಣು ಕಾಣವಲ್ದು ಸರ," ಎಂದ, ಬಹಳ ಮೆಲ್ಲಗೆ.

ಎರಡೂ ಕಣ್ಣಿಗೆ ಪಟ್ಟಿ ಬಿತ್ತು. ಬಿಚ್ಚುವವರೆಗೆ ಏನೂ ಹೇಳಲಾಗದೆಂದರು ಡಾಕ್ಟರು. ನಾನು ಅವನನ್ನು ಕಾಪಾಡಿದೆನೆಂದು ಸಂಸ್ಥೆಯಲ್ಲಿ ಸುದ್ದಿಯಾಯಿತು. ನಿಜ ಹೇಳಬೇಕೆಂದರೆ ನಾನು ಓಡಿಹೋಗುತ್ತಿದ್ದೆ. ಕಾಲರ್ ಬಿಡಲು ಮರೆತಿದ್ದೆ.

ಪಟ್ಟಿ ಬಿಚ್ಚಿದ ದಿನ ಕಟ್ಟಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. "ಅದೇ ಹಳೇ ಮುಖ. ಯಾರೋ ಸತ್ತಂಗ," ಎಂದ. ನಾನು ವಾರ್ಡಿನಲ್ಲೇ ಕುಳಿತು ಅತ್ತುಬಿಟ್ಟೆ. ಸ್ಫೋಟದ ಸದ್ದಿಗೆ ಕಿವುಡಾದ ಅವನ ಎಡಗಿವಿ ಮಾತ್ರ ಸರಿಹೋಗಲಿಲ್ಲ.

ಆಮೇಲೆ ವಾಲ್ವ್‌ನ ಹಿಡಿಯನ್ನು ಗೋಡೆಯಾಚೆ ಕೂರಿಸಿದೆವು. ಹೊಸಬರಿಗೆ ನಾನು ಕಲಿಸಿದ್ದು ಒಂದೇ: ಅನುಮಾನ ಬಂದರೆ ಮೊದಲು ಹೊರಗೆ ಬನ್ನಿ, ಕಾರಣವನ್ನು ಅಂಗಳದಲ್ಲಿ ನಿಂತು ಹುಡುಕಿ. ಅನುಮಾನ ಸುಳ್ಳಾದರೆ ನಾಲ್ಕು ಜನ ನಗುತ್ತಾರೆ. ನಗಲು ನಾಲ್ಕೂ ಜನ ಇರುತ್ತಾರಲ್ಲ, ಅಷ್ಟು ಸಾಕು.